ಕೆನಡಾಕ್ಕೆ ‘ಫಾರ್ಮ್ ಇನ್ವೆಸ್ಟರ್’ ಆಗಿ ಹೊರಟವರು ತೋಟ ಮಾರುವ ಮೊದಲು ಓದಿ

ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಕುಟುಂಬ ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯಕ್ಕೆ ರೈತರ ವರ್ಗದಲ್ಲಿ ವಲಸೆ ಹೋಗಲೆಂದು ಏಜೆನ್ಸಿಯೊಂದಕ್ಕೆ ಮೂರು ಕಂತು ಹಣ ಕಟ್ಟಿತು. ತೋಟದ ಒಂದು ಭಾಗಕ್ಕೆ ಮಾರಾಟದ ಕರಾರನ್ನೂ ಮಾಡಿಕೊಂಡಿತು. ಸಸ್ಕ್ಯಾಚುವಾನ್ ಸರ್ಕಾರ ಆ ವರ್ಗವನ್ನು 2025ರ ಮಾರ್ಚ್‌ನಲ್ಲೇ ಶಾಶ್ವತವಾಗಿ ಮುಚ್ಚಿತ್ತು. ಏಜೆನ್ಸಿ ಕೊನೆಯ ಕಂತು ವಸೂಲು ಮಾಡಿದ್ದು ಅದಾದ ಮೇಲೆ.

ಮುಚ್ಚಿಹೋದ ಯೋಜನೆಗಳ ಹೆಸರಲ್ಲಿ ಹಣ ಎತ್ತುವುದು ಈ ದಂಧೆಯ ಬೇರು. ಕೆನಡಾ ಕೇಂದ್ರ ಸರ್ಕಾರದ ಸ್ವಯಂ ಉದ್ಯೋಗಿಗಳ ಯೋಜನೆಯಲ್ಲಿ ‘ಫಾರ್ಮ್ ಮ್ಯಾನೇಜ್‌ಮೆಂಟ್’ ಎಂಬ ಭಾಗವಿತ್ತು, ಅದನ್ನು 2018ರ ಮಾರ್ಚ್‌ನಲ್ಲಿ ತೆಗೆದರು. ಉಳಿದ ಕಲಾವಿದರ, ಕ್ರೀಡಾಪಟುಗಳ ಭಾಗಕ್ಕೂ 2024ರ ಏಪ್ರಿಲ್ ಕೊನೆಯಲ್ಲಿ ಹೊಸ ಅರ್ಜಿ ನಿಲ್ಲಿಸಿದರು. ಆದರೂ ‘100ಕ್ಕೆ 35 ಅಂಕ ಬಂದರೆ ರೈತರಿಗೆ ಪಿಆರ್ (ಶಾಶ್ವತ ನಿವಾಸ)’ ಎಂಬ ಹಳೆಯ ಜಾಹೀರಾತು ವಾಟ್ಸಾಪ್‌ನಲ್ಲಿ ಈಗಲೂ ತಿರುಗುತ್ತಿದೆ. ಏಜೆಂಟ್ ಹೇಳಿದ ವರ್ಗದ ಪೂರ್ತಿ ಹೆಸರನ್ನು ಬರೆಸಿಕೊಳ್ಳಿ. ಆ ಪ್ರಾಂತ್ಯದ ಸರ್ಕಾರಿ ಜಾಲತಾಣದಲ್ಲಿ ಅದೇ ದಿನ ನೀವೇ ಹುಡುಕಿ. ಅವರು ಕಳುಹಿಸಿದ ಪಿಡಿಎಫ್ ಸಾಲದು.

ರೈತರಿಗೆಂದೇ ಇರುವ ದಾರಿಗಳಲ್ಲಿ ಮುಖ್ಯವಾದವು ಮ್ಯಾನಿಟೋಬಾ ಮತ್ತು ಆಲ್ಬರ್ಟಾ ಪ್ರಾಂತ್ಯಗಳವು. ಮ್ಯಾನಿಟೋಬಾ ಕೇಳುವುದು 5 ಲಕ್ಷ ಕೆನಡಾ ಡಾಲರ್ ನಿವ್ವಳ ಆಸ್ತಿ, ಕನಿಷ್ಠ 3 ಲಕ್ಷ ಡಾಲರ್ ಹೂಡಿಕೆ, 3 ವರ್ಷ ಸ್ವಂತ ಕೃಷಿ ನಡೆಸಿದ ಅನುಭವ, ಅಲ್ಲಿಗೇ ಹೋಗಿ ಮಾಡಿದ ಅಧ್ಯಯನ ಭೇಟಿ. ಆಲ್ಬರ್ಟಾದಲ್ಲಿ ಹೂಡಿಕೆಯೇ 5 ಲಕ್ಷ ಡಾಲರ್. ಅದರ ಜೊತೆಗೆ, ನಿಮ್ಮ ಯೋಜನೆಗೆ ಸಾಲ ಕೊಡಲು ಸಿದ್ಧವೆಂದು ಅಲ್ಲಿನ ಹಣಕಾಸು ಸಂಸ್ಥೆಯೊಂದರ ಪತ್ರವೂ ಬೇಕು.

5 ಲಕ್ಷ ಡಾಲರ್ ಎಂದರೆ ನಮ್ಮ 3 ಕೋಟಿ ರೂಪಾಯಿಗೂ ಮೇಲೆ. ‘ನಮ್ಮ ತೋಟಕ್ಕೇ ಅಷ್ಟು ಬರುತ್ತದಲ್ಲ’ ಎಂದು ಬಹಳ ಜನ ಮುಂದೆ ಹೆಜ್ಜೆ ಇಡುತ್ತಾರೆ. ಕಡತ ಮುಗ್ಗರಿಸುವುದು ಇಲ್ಲೇ. ಲೆಕ್ಕಕ್ಕೆ ಬರುವುದು ಅರ್ಜಿದಾರ ಮತ್ತು ಆತನ ಪತ್ನಿಯ ಹೆಸರಿನ ಆಸ್ತಿ ಮಾತ್ರ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ, ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದ್ದರೆ, ಅದು ನಿಮ್ಮದೆಂದು ತೋರಿಸಲು ಕಾಗದವಿಲ್ಲ. ಪೌತಿ ಖಾತೆ, ನೋಂದಾಯಿತ ವಿಭಾಗ ಪತ್ರ, 11ಇ ನಕ್ಷೆ, ಮ್ಯುಟೇಶನ್, ಋಣಭಾರ ಪತ್ರ ಇಷ್ಟೂ ಆಗಬೇಕು. ಮನೆಯಲ್ಲಿ ಒಬ್ಬರು ಸಹಿ ಹಾಕದಿದ್ದರೂ ವರ್ಷಗಟ್ಟಲೆ ಎಳೆಯುತ್ತದೆ. ಬಗರ್‌ಹುಕುಂನಲ್ಲಿ ಮಂಜೂರಾದ ಜಮೀನಾದರೆ ಪರಭಾರೆ ನಿರ್ಬಂಧದ ಅವಧಿ ಮುಗಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇನ್ನೊಂದು ತೊಡಕು ನಗದಿನದು. ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆ, ಉಳಿದದ್ದು ಕೈಗೆ: ಊರಲ್ಲಿ ಹೀಗೇ ನಡೆಯುತ್ತದೆ. ಕೈಗೆ ಬಂದ ಆ ಹಣಕ್ಕೆ ಮೂಲ ತೋರಿಸಲಾಗದು, ಬ್ಯಾಂಕಿನಿಂದ ಹೊರದೇಶಕ್ಕೆ ಕಳುಹಿಸಲೂ ಆಗದು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದೆ ಉಳಿದವರ ಬಳಿ ದುಡ್ಡು ಎಲ್ಲಿಂದ ಬಂತೆಂದು ಹೇಳುವ ದಾಖಲೆಯೇ ಇರುವುದಿಲ್ಲ. ಮಂಡಿ ಪಟ್ಟಿ, ಸೊಸೈಟಿ ಬಿಲ್ಲು, ಕಿಸಾನ್ ಕಾರ್ಡ್ ಸಾಲದ ಪಾಸ್‌ಬುಕ್, ಗೊಬ್ಬರದ ರಸೀದಿ ಇವನ್ನು ಇಂದಿನಿಂದಲೇ ಜೋಡಿಸಿಡಿ. ಅನುಭವ ಸಾಬೀತು ಮಾಡಲೂ ಇವೇ ಬೇಕು.

ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಕಳುಹಿಸಬಹುದಾದದ್ದು 2.5 ಲಕ್ಷ ಅಮೆರಿಕನ್ ಡಾಲರ್. 3 ಲಕ್ಷ ಕೆನಡಾ ಡಾಲರ್ ಇದರೊಳಗೆ ಹಿಡಿಸುತ್ತದೆ, 5 ಲಕ್ಷ ಹಿಡಿಸುವುದಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಕಳುಹಿಸುವುದಾದರೆ ಅಲ್ಲಿನ ಆಸ್ತಿಗೆ ಇಬ್ಬರೂ ಪಾಲುದಾರರಾಗಿರಬೇಕು. ತಮ್ಮನ ಮಿತಿಯನ್ನು ಸುಮ್ಮನೆ ಬಳಸಿಕೊಳ್ಳಲು ಬರುವುದಿಲ್ಲ. 2025ರ ಏಪ್ರಿಲ್‌ನಿಂದ, ಹೂಡಿಕೆಗೆಂದು ಕಳುಹಿಸುವಾಗ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20ರಷ್ಟನ್ನು ಟಿಸಿಎಸ್ ಎಂಬ ಮುಂಗಡ ತೆರಿಗೆಯಾಗಿ ಹಿಡಿಯುತ್ತದೆ. 1.9 ಕೋಟಿ ಕಳುಹಿಸಿದರೆ 36 ಲಕ್ಷ! ರಿಟರ್ನ್ ಸಲ್ಲಿಸಿದರೆ ಹೊಂದಾಣಿಕೆಯಾಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿಲ್ಲ. ಏಜೆಂಟರ ಖರ್ಚಿನ ಪಟ್ಟಿಯಲ್ಲಿ ಈ ಸಾಲನ್ನು ಹುಡುಕಿ ನೋಡಿ.

‘ಈಗಲೇ 160 ಎಕರೆ ಬುಕ್ ಮಾಡಿ’ ಎನ್ನುವವರ ಮಾತಿಗೆ ಬಾಗಬೇಡಿ. ಅಲ್ಲಿನ ನಿವಾಸಿಗಳಲ್ಲದ ವಿದೇಶಿಯರಿಗೆ ಕೃಷಿ ಭೂಮಿಯ ಮಿತಿ ಸಸ್ಕ್ಯಾಚುವಾನ್‌ನಲ್ಲಿ 10 ಎಕರೆ, ಆಲ್ಬರ್ಟಾದಲ್ಲಿ 20, ಮ್ಯಾನಿಟೋಬಾದಲ್ಲಿ 40. ಅದಕ್ಕಿಂತ ಹೆಚ್ಚು ಬೇಕಾದರೆ ಪ್ರತ್ಯೇಕ ವಿನಾಯಿತಿ ಪಡೆಯಬೇಕು. ಹೈನುಗಾರಿಕೆಯ ಕನಸು ತೋರಿಸಿದರೆ ಕೋಟಾ ಎಷ್ಟೆಂದು ಕೇಳಿ. ಕೆನಡಾದಲ್ಲಿ ಹಾಲು, ಮೊಟ್ಟೆ, ಕೋಳಿಗೆ ಉತ್ಪಾದನಾ ಕೋಟಾ ಇದೆ. ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ ದಿನಕ್ಕೆ 1 ಕಿಲೋ ಹಾಲಿನ ಕೊಬ್ಬಿನ ಕೋಟಾಕ್ಕೆ ಗರಿಷ್ಠ ಬೆಲೆ 24,000 ಡಾಲರ್, ಅದು ಹೆಚ್ಚುಕಡಿಮೆ ಒಂದು ಹಸುವಿನ ಲೆಕ್ಕ. 30 ಹಸುವಿಗೆ 7 ಲಕ್ಷ ಡಾಲರ್ ಕೋಟಾಕ್ಕೇ ಹೋಯಿತು, ಹಸು, ಕೊಟ್ಟಿಗೆ, ಯಂತ್ರ ಇನ್ನೂ ಬಂದಿಲ್ಲ.

ಬಿಸಿನೆಸ್ ಪ್ಲಾನ್ ಅನ್ನು ಏಜೆನ್ಸಿ ಬರೆದುಕೊಡಬಹುದು, ಪ್ರಾಂತ್ಯದ ಅಧಿಕಾರಿಗಳ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು. ಮೇ ತಿಂಗಳಲ್ಲಿ ಬಿತ್ತಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೊಯ್ಯುವ ಕನೋಲಾ ಎಂಬ ಎಣ್ಣೆಕಾಳು ಬೆಳೆಯ ಬಗ್ಗೆ ಏನೂ ತಿಳಿಯದ ಅಡಿಕೆ ಬೆಳೆಗಾರ, ಇಪ್ಪತ್ತು ವರ್ಷ ತೋಟ ನೋಡಿದ್ದರೂ ಅಲ್ಲಿ ತಡವರಿಸುತ್ತಾನೆ. ಇಲ್ಲದ ಅನುಭವಕ್ಕೆ ಪತ್ರ ಹುಟ್ಟಿಸಿಕೊಟ್ಟರೆ ಅದು ಸುಳ್ಳು ಮಾಹಿತಿಯ ಪ್ರಕರಣವಾಗುತ್ತದೆ, 5 ವರ್ಷ ಕೆನಡಾ ಪ್ರವೇಶವೇ ನಿಷಿದ್ಧ. ‘ಏಜೆಂಟ್ ಮಾಡಿದ್ದು’ ಎಂದರೆ ನಡೆಯುವುದಿಲ್ಲ, ಸಹಿ ನಿಮ್ಮದು.

ಕೆನಡಾ ವಲಸೆಗೆ ಶುಲ್ಕ ಪಡೆದು ಸಲಹೆ ಕೊಡಬಹುದಾದವರು ಅಲ್ಲಿನ ಪರವಾನಗಿ ಇರುವ ವಕೀಲರು, ಕ್ವಿಬೆಕ್‌ನ ನೋಟರಿಗಳು ಮತ್ತು ಆರ್‌ಸಿಐಸಿ, ಅಂದರೆ ಕೆನಡಾದಲ್ಲಿ ನೋಂದಾಯಿತ ವಲಸೆ ಸಲಹೆಗಾರರು. ಆರ್‌ಸಿಐಸಿ ಸಂಖ್ಯೆಯನ್ನು ಅವರಿಗೆ ಪರವಾನಗಿ ಕೊಡುವ ‘ಕಾಲೇಜು’ ಎಂಬ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ, ಆ ಪಟ್ಟಿಯಲ್ಲಿರುವ ಫೋನ್ ನಂಬರಿಗೇ ಕರೆ ಮಾಡಿ. ಬೇರೆಯವರ ಸಂಖ್ಯೆಯನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡವರು ಸಿಕ್ಕಿಬೀಳುವುದು ಆಗಲೇ. ಪ್ರತಿನಿಧಿಯ ಹೆಸರು ಬರೆಯುವ ಐಎಂಎಂ 5476 ನಮೂನೆಗೆ ಸಹಿ ಹಾಕಲು ಅವರು ಒಪ್ಪದಿದ್ದರೆ ಅಲ್ಲಿಗೇ ನಿಲ್ಲಿಸಿ. ಹಣ ಈಗಾಗಲೇ ಕೊಟ್ಟಿದ್ದರೆ ಅರ್ಜಿ ಸಂಖ್ಯೆಯನ್ನೂ ಸ್ವೀಕೃತಿ ಪತ್ರವನ್ನೂ ಲಿಖಿತವಾಗಿ ಕೇಳಿ. ಕೊಡದಿದ್ದರೆ ಪೊಲೀಸ್ ದೂರು, ಗ್ರಾಹಕ ಆಯೋಗ. ಆನ್‌ಲೈನ್‌ನಲ್ಲಿ ಕಳುಹಿಸಿದ ಹಣವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930.

ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು: ಅರ್ಜಿಯ ಹಂತದಲ್ಲಿ ಆಸ್ತಿಯನ್ನು ಮೌಲ್ಯಮಾಪನದಿಂದ ತೋರಿಸಬಹುದು, ಮಾರಿ ತೋರಿಸಬೇಕಿಲ್ಲ. ಪ್ರಾಂತ್ಯದ ಒಪ್ಪಿಗೆ ಕೈಗೆ ಬರುವವರೆಗೆ ಕರಾರು ಮಾಡಿಕೊಳ್ಳಬೇಡಿ. 2020ರ ಭೂಸುಧಾರಣಾ ತಿದ್ದುಪಡಿಯಿಂದ ಯಾರು ಬೇಕಾದರೂ ಕರ್ನಾಟಕದಲ್ಲಿ ಜಮೀನು ಕೊಳ್ಳಬಹುದೆಂದು ನಂಬಿ ‘ಬೇಕಾದಾಗ ಮತ್ತೆ ಕೊಂಡರಾಯಿತು’ ಎನ್ನುವವರಿದ್ದಾರೆ. ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯರೂ ಓಸಿಐ ಕಾರ್ಡಿನವರೂ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು) ಇಲ್ಲಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಹೋಗುವ ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಮಾರಿದ ತೋಟವನ್ನು ಅಲ್ಲಿಂದ ಕೊಂಡುಕೊಳ್ಳಲಾಗದು.