ಏಳು ವರ್ಷ ಜೊತೆಗಿರುವ ಪಂಪ್ ಆಕ್ಷನ್ 12 ಬೋರ್: ರೌಂಡು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾಕೆ

ಫೌಜಿನಿಂದ ಬಂದ ಮೇಲೆ 2018ರಲ್ಲಿ ಈ ಬಂದೂಕು ತಗೊಂಡೆ. 12 ಬೋರ್, ಪಂಪ್ ಆಕ್ಷನ್, ಅಂದರೆ ಬ್ಯಾರಲ್ ಕೆಳಗಿನ ಹಿಡಿಯನ್ನು ಹಿಂದೆ ಎಳೆದು ಮುಂದೆ ತಳ್ಳಿದರೆ ಹೊಡೆದದ್ದು ಹೊರಗೆ ಬಿದ್ದು ಹೊಸದು ಒಳಗೆ ಹೋಗುತ್ತದೆ. ಬ್ಯಾರಲ್ ಕೆಳಗಿನ ಟ್ಯೂಬಿನಲ್ಲಿ ನಾಲ್ಕು ರೌಂಡು (ಕಾಡತೂಸು) ಹಿಡಿಯುತ್ತದೆ. ಮೊದಲು ಮೂರು ವರ್ಷ ವಾಡಿಯಲ್ಲಿ, ಆಮೇಲೆ ಕಲಬುರಗಿಯಲ್ಲಿ ಬ್ಯಾಂಕ್ ಗನ್‌ಮ್ಯಾನ್ ಕೆಲಸ. ಅದಕ್ಕೂ ಮೊದಲು ಮನೆಯಲ್ಲಿ ಇದ್ದದ್ದು ಅಪ್ಪನ ಡಬಲ್ ಬ್ಯಾರಲ್ ಮಾತ್ರ. ಕಂಪನಿ ಹೆಸರು ಹೇಳುವುದಿಲ್ಲ. ಇಲ್ಲಿ ಬರೆಯುವುದು ಟ್ಯೂಬ್ ಇರುವ ಯಾವ ಪಂಪ್ ಬಂದೂಕಿಗೂ ಹೆಚ್ಚು ಕಡಿಮೆ ಹೊಂದುತ್ತದೆ.

ಡಬಲ್ ಬ್ಯಾರಲ್ ಇದ್ದವರು ಪಂಪ್ ತಗೊಳ್ಳುವಾಗ ಕೇಳುವ ಮೊದಲ ಪ್ರಶ್ನೆ ಒಂದೇ. ಇದು ಜಾಮ್ ಆಗುತ್ತಾ? ಆಗುತ್ತದೆ. ನನ್ನದು ಏಳು ವರ್ಷದಲ್ಲಿ ಮೂರು ರೀತಿಯಲ್ಲಿ ಸರಿಯಾಗಿ ಜಾಮ್ ಆಗಿದೆ. ಮೂರಕ್ಕೂ ಕಾರಣ ಬೇರೆ ಬೇರೆ. ಮೊದಲನೆಯದನ್ನು ಪೂರ್ತಿ ತಪ್ಪಾಗಿ ತಿಳಿದುಕೊಂಡಿದ್ದೆ, ಅದರಿಂದ ಒಂದು ವರ್ಷ ಮತ್ತು ಒಂದಿಷ್ಟು ದುಡ್ಡು ಹೋಯಿತು. ಅದನ್ನೇ ಮೊದಲು ಹೇಳುತ್ತೇನೆ.

2021ರಲ್ಲಿ ಗನ್‌ಮ್ಯಾನ್‌ಗಳ ಫೈರಿಂಗ್ ಪ್ರಾಕ್ಟೀಸ್. ಎರಡು ರೌಂಡು ಚೆನ್ನಾಗಿ ಹೋದವು. ಮೂರನೆಯದು ಹೊಡೆದು ಪಂಪ್ ಎಳೆದು ಮುಂದೆ ತಳ್ಳಿದೆ, ಅರ್ಧಕ್ಕೆ ನಿಂತಿತು. ಹೊಡೆದದ್ದು ಹೊರಬೀಳುವ ಕಿಟಕಿಯಲ್ಲಿ ನೋಡಿದರೆ ಹೊಸ ರೌಂಡಿನ ಮೂತಿ ಮೇಲೆ ಎದ್ದು ನಿಂತಿದೆ, ಒಳಗೆ ಹೋಗುತ್ತಿಲ್ಲ. ಪಕ್ಕದ ಲೇನಿನ ಹುಡುಗ ಹೇಳಿದ, "ಕಾಕಾ, ಸ್ಪ್ರಿಂಗ್ ಹೋಗ್ಯದ ನೋಡ್ರಿ, ರೌಂಡ್ ಸರಿ ಬರಲ್ಲದು." ನಾನೂ ಒಪ್ಪಿಕೊಂಡೆ. ರಿಪೇರಿಗೆ ಬೆಂಗಳೂರಿಗೇ ಒಯ್ದೆ. ಸೊಲ್ಲಾಪುರ ನೂರು ಚಿಲ್ಲರೆ ಕಿಲೋಮೀಟರ್, ಹೈದರಾಬಾದ್ ಇನ್ನೂರು ಚಿಲ್ಲರೆ, ಎರಡೂ ಹತ್ತಿರ. ಆದರೆ ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ, ಬಂದೂಕು ಹಿಡಿದು ಗಡಿ ದಾಟುವಂತಿಲ್ಲ. ನಮ್ಮ ಭಾಗದ ಲೈಸೆನ್ಸ್‌ದಾರರಿಗೆ ಇದು ದೊಡ್ಡ ತೊಂದರೆ. ಬೆಂಗಳೂರಿನಲ್ಲಿ ಟ್ಯೂಬ್ ಸ್ಪ್ರಿಂಗ್, ಅಂದರೆ ರೌಂಡುಗಳನ್ನು ಟ್ಯೂಬಿನಿಂದ ಹೊರಗೆ ತಳ್ಳುವ ಸ್ಪ್ರಿಂಗ್, ಹೊಸದು ಹಾಕಿಸಿಕೊಂಡು ಬಂದೆ.

ಮುಂದಿನ ವರ್ಷದ ಪ್ರಾಕ್ಟೀಸಿನಲ್ಲಿ ಮತ್ತೆ ಅದೇ ಜಾಗ, ಅದೇ ಜಾಮ್. ಈ ಸಲ ಪಂಪನ್ನು ಗುದ್ದಲಿಲ್ಲ. ಬಂದೂಕಿನ ಮೂತಿ ಗುರಿಯ ಕಡೆ ಇಟ್ಟು, ಬೆರಳು ಕುದುರೆಯಿಂದ (ಟ್ರಿಗರ್) ತೆಗೆದು, ರೇಂಜ್ ಉಸ್ತಾದರನ್ನು ಕರೆದೆ. ಅವರು ಬಗ್ಗಿ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಖಾಲಿ ಖೋಖಾ ಎಲ್ಲಿ ಬಿದ್ದದ?"

ಖೋಖಾ ಅಂದರೆ ಕಾಡತೂಸಿನ ಚಿಪ್ಪು. ನೆಲದ ಮೇಲೆ ಎಣಿಸಿದರೆ ಎರಡೇ ಖೋಖಾ. ಹೊಡೆದದ್ದು ಮೂರು. ಮೂರನೆಯದು ಚೇಂಬರಿನಲ್ಲೇ, ಬ್ಯಾರಲಿನ ಹಿಂತುದಿಯಲ್ಲಿ ರೌಂಡು ಕೂರುವ ಜಾಗದಲ್ಲೇ, ಕೂತಿತ್ತು. ಹಿಂದಿನಿಂದ ಬಂದ ಹೊಸ ರೌಂಡು ಅದಕ್ಕೇ ಗುದ್ದಿಕೊಂಡು ನಿಂತಿತ್ತು. ಅಂದರೆ ಟ್ಯೂಬು, ಸ್ಪ್ರಿಂಗು, ರೌಂಡನ್ನು ಮೇಲೆತ್ತುವ ಲಿಫ್ಟರು ಎಲ್ಲ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದವು. ತಪ್ಪಿದ್ದು ಎಕ್ಸ್‌ಟ್ರ್ಯಾಕ್ಟರ್, ಖೋಖಾದ ಅಂಚನ್ನು ಹಿಡಿದು ಹಿಂದೆ ಎಳೆಯುವ ಆ ಸಣ್ಣ ಉಗುರು. ಮನೆಗೆ ಬಂದು ಬೋಲ್ಟ್ ಬಿಚ್ಚಿ ಹಲ್ಲುಕಡ್ಡಿಯಿಂದ ಆ ಉಗುರಿನ ಸಂದಿಯನ್ನು ಕೆದಕಿದೆ. ಬೂದು ಬಣ್ಣದ, ಗಟ್ಟಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವ ಒಂದು ಗಂಟು ಬಂತು. ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳು! ಮೂರು ವರ್ಷ ಬ್ಯಾಂಕ್ ಬಾಗಿಲಲ್ಲಿ ನಿಂತಾಗ ಕೂತ ಧೂಳು, ನಾನು ಪ್ರತಿ ಭಾನುವಾರ ಪ್ರೀತಿಯಿಂದ ಹಾಕಿದ ಎಣ್ಣೆಯ ಜೊತೆ ಸೇರಿ ಅಲ್ಲಿ ಕಟ್ಟಿಕೊಂಡಿತ್ತು. ಉಗುರು ಪೂರ್ತಿ ಒಳಗೆ ಮಡಚುತ್ತಿರಲಿಲ್ಲ, ಹಾಗಾಗಿ ಹಿಡಿತ ಸಡಿಲ. ಕೆದಕಿ ಒರೆಸಿದ ಮೇಲೆ ಇವತ್ತಿನವರೆಗೆ ಆ ತೊಂದರೆ ಇಲ್ಲ.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಜಾಮ್ ಆದರೆ ಬಂದೂಕು ಕೆಟ್ಟಿದೆ ಅನ್ನುವುದು ಬಿಟ್ಟು, ರೌಂಡು ಎಲ್ಲಿ ನಿಂತಿದೆ ಅಂತ ಮೊದಲು ನೋಡುತ್ತೇನೆ. ಟ್ಯೂಬಿನಿಂದಲೇ ಹೊರಗೆ ಬಂದಿಲ್ಲವಾ? ಲಿಫ್ಟರ್ ಮೇಲೆ ಬಂದು ಅಲ್ಲೇ ಕೂತಿದೆಯಾ? ಚೇಂಬರಿನ ಬಾಯಿಗೆ ಬಂದು ಅರ್ಧ ಒಳಗೆ ಹೋಗಿ ನಿಂತಿದೆಯಾ? ಇಲ್ಲಾ ಹಳೆಯ ಖೋಖಾ ದಾರಿ ಬಿಟ್ಟಿಲ್ಲವಾ? ನಾಲ್ಕಕ್ಕೂ ಔಷಧಿ ಬೇರೆ.

ಟ್ಯೂಬಿನಿಂದ ಬಾರದ್ದು ನನಗೆ ಆದದ್ದು 2023ರಲ್ಲಿ. ವಿಧಾನಸಭೆ ಚುನಾವಣೆ ಬಂತು. ಆಗ ನಾನು ಒಂದು ಬ್ಯಾಂಕ್ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಇದ್ದೆ, ಬ್ಯಾಂಕ್ ಗನ್‌ಮ್ಯಾನ್‌ಗೆ ಸಿಗುವ ವಿನಾಯಿತಿ ಇರಲಿಲ್ಲ, ಎಲ್ಲರಂತೆ ಚುನಾವಣೆ ಮುಗಿಯುವ ತನಕ ಬಂದೂಕು ಡಿಪಾಜಿಟ್ ಮಾಡಬೇಕಾಯಿತು. ಹಿಂದಿನ ದಿನ ಊರಲ್ಲಿ ಅಪ್ಪ, "ಅಲ್ಲಿ ಎಷ್ಟ್ ದಿನ ಇಡ್ತಾರೋ, ಜಂಗು ಹಿಡೀತದ, ತಡಿ" ಅಂತ ಹೇಳಿ ಕುಸುಬಿ ಎಣ್ಣೆ ಬಟ್ಟೆಗೆ ಹಚ್ಚಿ ಒರೆಸಿದರು, ಟ್ಯೂಬಿನ ಬಾಯಿಗೂ ನಾಲ್ಕು ಹನಿ ಬಿಟ್ಟರು. ನಾನು ಎದುರಿಗೇ ಕೂತಿದ್ದೆ, ಬೇಡ ಅನ್ನಲು ಮನಸ್ಸಾಗಲಿಲ್ಲ. ಡಬಲ್ ಬ್ಯಾರಲ್‌ಗೆ ಅವರು ಜೀವನಪೂರ್ತಿ ಹಾಗೇ ಮಾಡಿದವರು. ಅದರಲ್ಲಿ ಟ್ಯೂಬೂ ಇಲ್ಲ, ಸ್ಪ್ರಿಂಗಿನ ಮುಂದೆ ಓಡಾಡುವ ಬಟ್ಟಲೂ ಇಲ್ಲ, ನಡೆಯಿತು.

ಕುಸುಬಿ ಎಣ್ಣೆ ಗಾಳಿಗೆ ಒಣಗುವ ಎಣ್ಣೆ. ಬಣ್ಣಕ್ಕೆ, ವಾರ್ನಿಷಿಗೆ ಅದನ್ನು ಬಳಸುವುದೇ ಆ ಗುಣಕ್ಕಾಗಿ. ಏಪ್ರಿಲ್, ಮೇ ತಿಂಗಳು, ನಮ್ಮ ಕಡೆ 42, 43 ಡಿಗ್ರಿ ಬಿಸಿಲು. ಬಂದೂಕು ವಾಪಸ್ ಬಂದಾಗ ಹೊರಗೆ ಜಂಗು ಚೂರೂ ಇಲ್ಲ, ಅಪ್ಪನ ಮಾತು ಸರಿಯಾಯಿತು. ಆದರೆ ಮದ್ದಿಲ್ಲದ ಡಮ್ಮಿ ರೌಂಡು ಹಾಕಿ ನೋಡಿದರೆ ಎರಡು ಬಂದವು, ಉಳಿದ ಎರಡು ಟ್ಯೂಬಿನಲ್ಲೇ ಕೂತವು. ಅಲ್ಲಾಡಿಸಿದರೆ ಒಂದು ಜಾರಿ ಬಂತು. ಮುಂದಿನ ಕ್ಯಾಪ್ ಬಿಚ್ಚಿ ಸ್ಪ್ರಿಂಗ್ ತೆಗೆದೆ. ಇಲ್ಲಿ ಜೋಪಾನ, ಆ ಸ್ಪ್ರಿಂಗ್ ಉದ್ದ ಇದೆ, ಹೆಬ್ಬೆರಳು ಒತ್ತಿ ಮೇಲೊಂದು ಬಟ್ಟೆ ಮುಚ್ಚಿ ನಿಧಾನ ಬಿಡಬೇಕು, ಇಲ್ಲದಿದ್ದರೆ ಕಣ್ಣಿಗೇ ಬರುತ್ತದೆ. ಟ್ಯೂಬಿನ ಒಳಗೆ ಬೆರಳು ಹಾಕಿದರೆ ಬೆಲ್ಲದ ಪಾಕ ಒಣಗಿದ ಹಾಗೆ ಅಂಟು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಕೋಲಿಗೆ ಸುತ್ತಿ ಉಜ್ಜಿದೆ, ಐದಾರು ಚಿಂದಿ ಕಂದು ಬಣ್ಣವಾದ ಮೇಲೆ ಲೋಹ ಕಂಡಿತು. ಆಮೇಲೆ ಒಣ ಬಟ್ಟೆ. ಟ್ಯೂಬಿನೊಳಗೆ ಈಗ ಎಣ್ಣೆ ಹನಿ ಬಿಡುವುದೇ ಇಲ್ಲ. ಗನ್ ಆಯಿಲ್ ಹಚ್ಚಿದ ಬಟ್ಟೆಯನ್ನು ಒಮ್ಮೆ ಎಳೆದು, ಹಿಂದೆಯೇ ಒಣ ಬಟ್ಟೆ ಎಳೆಯುತ್ತೇನೆ, ಅಷ್ಟೇ. ಧೂಳಿನ ಊರಿನಲ್ಲಿ ಒದ್ದೆ ಟ್ಯೂಬಿಗಿಂತ ಒಣ ಟ್ಯೂಬೇ ವಾಸಿ.

ಅಪ್ಪನಿಗೆ ಆ ಚಿಂದಿ ತೋರಿಸಿದೆ. ಮುಟ್ಟಿ ನೋಡಿ, "ಇದು ನನಗ ಗೊತ್ತಿರಲಿಲ್ಲ ನೋಡಪ್ಪಾ" ಅಂದರು. ಈಗ ಅವರ ಡಬಲ್ ಬ್ಯಾರಲ್‌ಗೂ ಗನ್ ಆಯಿಲ್ಲೇ.

ಇನ್ನು ಕಾಡತೂಸಿನ ವಿಷಯ. ಇದನ್ನು ಯಾರೂ ಗಮನಿಸುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮಂಥ ಗನ್‌ಮ್ಯಾನ್‌ಗಳು ಅದೇ ಹತ್ತು ರೌಂಡನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತೇವೆ. ಬೆಳಿಗ್ಗೆ ಹಾಕು, ಸಂಜೆ ತೆಗೆ. ಚರ್ಮದ ಬೆಲ್ಟಿನಲ್ಲಿ ಇಟ್ಟರೆ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ಚರ್ಮ ಹದ ಮಾಡಿದ ಪದಾರ್ಥ ಮತ್ತು ಬೆವರು ಸೇರಿ ಆಗುವುದು ಅದು. ಆ ಕಿಲುಬು ಚೇಂಬರಿಗೆ ಹೋದರೆ ಖೋಖಾ ಕಚ್ಚಿಕೊಳ್ಳುತ್ತದೆ. ನಾನು ಬಟ್ಟೆಯ ಬೆಲ್ಟಿಗೆ ಬದಲಾಯಿಸಿದೆ. ಇನ್ನೊಂದು, ಬೇಸಿಗೆಯಲ್ಲಿ ನಾಲ್ಕೂ ರೌಂಡು ಟ್ಯೂಬಿನಲ್ಲೇ ಬಿಟ್ಟರೆ ಸ್ಪ್ರಿಂಗಿನ ಒತ್ತಡಕ್ಕೆ ಪ್ಲಾಸ್ಟಿಕ್ ಖೋಖಾ ಮೆಲ್ಲಗೆ ಊದಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಚೇಂಬರಿಗೆ ಗೊತ್ತಾಗುತ್ತದೆ. ನನ್ನ ಮೂರನೇ ಜಾಮ್ ಇದೇ, ರೌಂಡು ಮುಕ್ಕಾಲು ಒಳಗೆ ಹೋಗಿ ನಿಂತಿತ್ತು.

ಪರೀಕ್ಷೆ ಬಹಳ ಸುಲಭ. ಬಂದೂಕು ಖಾಲಿ ಮಾಡಿ, ಚೇಂಬರಿಗೂ ಟ್ಯೂಬಿಗೂ ಬೆರಳು ಹಾಕಿ ಖಾತ್ರಿ ಮಾಡಿಕೊಂಡು, ಬ್ಯಾರಲ್ ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಒಂದೊಂದೇ ಕಾಡತೂಸನ್ನು ಚೇಂಬರಿಗೆ ಬಿಡಿ. ತನ್ನ ಭಾರಕ್ಕೆ ಟಕ್ ಅಂತ ಕೂರಬೇಕು, ಬ್ಯಾರಲ್ ತಿರುಗಿಸಿದರೆ ಅಂಗೈಗೆ ಬೀಳಬೇಕು. ಒತ್ತಿದರೆ ಮಾತ್ರ ಹೋಗುವುದನ್ನು ಡ್ಯೂಟಿಗೆ ಹಾಕಬೇಡಿ. ಮೊದಲ ಸಲ ಮಾಡಿದಾಗ ನನ್ನ ಹತ್ತರಲ್ಲಿ ಮೂರು ಬೀಳಲಿಲ್ಲ.

ಉದ್ದವನ್ನೂ ನೋಡಿ. ಮೇಲೆ 70 ಮಿ.ಮೀ. ಅಂತ ಬರೆದಿರುವುದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ. ಬಾಯಿಯನ್ನು ಹೂವಿನ ಎಸಳಿನ ಹಾಗೆ ಮಡಚಿದ ಕಾಡತೂಸು ಗಿಡ್ಡ. ಕಾರ್ಡ್ ಇಟ್ಟು ಅಂಚನ್ನು ಸುರುಳಿ ಮಾಡಿದ್ದು ಕೆಲವು ಮಿಲಿಮೀಟರ್ ಉದ್ದ. ನಾಲ್ಕು ಸೇರಿದರೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಉದ್ದನೆಯ ಜಾತಿ ಹಾಕಿದಾಗ ನಾಲ್ಕನೆಯದು ಬಹಳ ಬಿಗಿಯಾಗಿ ಕೂರುತ್ತದೆ, ರೌಂಡನ್ನು ಟ್ಯೂಬಿನಲ್ಲಿ ತಡೆದಿಡುವ ಸ್ಟಾಪಿನ ಹಿಂದೆ ಸರಿಯಾಗಿ ಸಿಕ್ಕಿಕೊಂಡಿರುವುದಿಲ್ಲ, ಜಾರಿ ಲಿಫ್ಟರ್ ಮೇಲೆ ಬಿದ್ದು ಇಡೀ ಕೆಲಸ ಕಟ್ಟಿಹಾಕುತ್ತದೆ. ನಾನು ಆ ಜಾತಿಯವನ್ನು ಮೂರೇ ಹಾಕುತ್ತೇನೆ.

ಎರಡು ರೌಂಡು ಒಟ್ಟಿಗೆ ಹೊರಗೆ ಬಂದರೆ ಮಾತ್ರ ಒರೆಸುವುದು ಬಿಟ್ಟು ಬೇರೆ ಯಾವುದಕ್ಕೂ ಮನೆಯಲ್ಲಿ ಕೈ ಹಾಕಬೇಡಿ. ರೌಂಡುಗಳನ್ನು ಒಂದೊಂದಾಗಿ ಬಿಡುವ ಎರಡು ಶೆಲ್ ಸ್ಟಾಪ್ ಒಳಗಿವೆ. ಮೊದಲು ಅವುಗಳ ಹಿಂದಿನ ಕೊಳೆ ಒರೆಸಿ ನೋಡಿ. ಆಗಲೂ ಸರಿಯಾಗದಿದ್ದರೆ ಸವೆದಿವೆ ಅಥವಾ ಬಾಗಿವೆ, ಲೈಸೆನ್ಸ್ ಇರುವ ಗನ್‌ಸ್ಮಿತ್ ಕೆಲಸ ಅದು. ಅರದಿಂದ ಉಜ್ಜಿ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಸಂಜೆ ಖಾಲಿ ಮಾಡುವ ರೀತಿಯೂ ಮುಖ್ಯ. ಬಹಳ ಜನ ಪಂಪ್ ಎಳೆದು ಎಳೆದು ಒಂದೊಂದೇ ರೌಂಡನ್ನು ಚೇಂಬರಿಗೆ ಹಾಕಿ ಹೊರಗೆ ಎಸೆಯುತ್ತಾರೆ. ಅಂಚು ಗಾಯವಾಗುತ್ತದೆ, ಮೂತಿ ನುಗ್ಗಾಗುತ್ತದೆ, ಅಪಾಯವೂ ಹೌದು. ನನ್ನ ಬಂದೂಕಿನಲ್ಲಿ ಕೆಳಗಿನ ಬಾಯಿಯಿಂದ ಬೆರಳು ಹಾಕಿ ಸ್ಟಾಪ್ ಒತ್ತಿದರೆ ಟ್ಯೂಬಿನ ರೌಂಡು ನೇರ ಕೈಗೇ ಬರುತ್ತವೆ. ನಿಮ್ಮ ಬಂದೂಕಿನ ಪುಸ್ತಕ ನೋಡಿ, ಹೆಚ್ಚಿನವುಗಳಲ್ಲಿ ಈ ದಾರಿ ಇರುತ್ತದೆ.

ಈಗ ಕೈಯ ವಿಷಯ. ಹೊಸಬರಲ್ಲಿ ನಾನು ನೋಡಿದ ಜಾಮ್‌ಗಳಲ್ಲಿ ಜಾಸ್ತಿ ಪಾಲು ಇದೇ. ಒದೆತಕ್ಕೆ ಅಂಜಿ ಪಂಪನ್ನು ಮೆಲ್ಲಗೆ, ಅರ್ಧ ಎಳೆಯುತ್ತಾರೆ. ಪೂರ್ತಿ ಹಿಂದೆ ಹೋಗದಿದ್ದರೆ ಖೋಖಾ ಹೊರಗೆ ಹಾರುವುದಿಲ್ಲ, ಸ್ಟಾಪ್ ಬಿಡುವುದಿಲ್ಲ, ಲಿಫ್ಟರ್ ಏಳುವುದಿಲ್ಲ. ನಮ್ಮ ಬ್ರಾಂಚಿಗೆ ಬಂದ ಯಾದಗಿರಿಯ ಹುಡುಗನೊಬ್ಬ ಬಂದೂಕು ಮಾರಿಬಿಡುತ್ತೇನೆ ಅಂತ ಕೂತಿದ್ದ. ಡಮ್ಮಿ ಹಾಕಿ ಕೊಟ್ಟೆ. "ಪೂರಾ ಎಳಿ, ಹಿಂದ ಬಡೀಬೇಕು, ಮುಂದ ಬಡೀಬೇಕು, ಅಂಜಬ್ಯಾಡ" ಅಂದೆ. ಹತ್ತು ನಿಮಿಷ ಎಳೆದ. ಆಮೇಲೆ "ಅಣ್ಣಾ, ಬಂದೂಕು ಛಲೋನೇ ಅದ" ಅಂದ. ಡಮ್ಮಿ ರೌಂಡು ನಾಲ್ಕು ತಗೊಳ್ಳಿ, ಬಣ್ಣ ಬೇರೆ ಇರಲಿ, ನಿಜವಾದ ಕಾಡತೂಸು ಆ ಕೋಣೆಯಲ್ಲೇ ಇರಬಾರದು.

ಸೆಮಿ ಆಟೋಮ್ಯಾಟಿಕ್ ಬಗ್ಗೆಯೂ ಜನ ಕೇಳುತ್ತಾರೆ. ನನ್ನ ಪಲ್ಟನ್ನಿನ ಗೆಳೆಯನೊಬ್ಬ ಕ್ಲೇ ಶೂಟಿಂಗ್ (ಹಾರುವ ತಟ್ಟೆಗೆ ಹೊಡೆಯುವ ಆಟ) ಆಡುತ್ತಾನೆ, ಅವನ ಬಳಿ ಗ್ಯಾಸಿನ ಮೇಲೆ ನಡೆಯುವುದೊಂದಿದೆ. ಅದರಲ್ಲಿ ನಮ್ಮ ಎಡಗೈ ಮಾಡುವ ಕೆಲಸವನ್ನು ಮದ್ದಿನ ಗ್ಯಾಸ್ ಮಾಡುತ್ತದೆ. ಹಾಗಾಗಿ ಅರ್ಧ ಎಳೆಯುವ ತಪ್ಪನ್ನು ಬಂದೂಕೇ ಮಾಡುತ್ತದೆ. ಟ್ರ್ಯಾಪ್, ಸ್ಕೀಟ್ ಪಂದ್ಯದ 24 ಗ್ರಾಮಿನ ಹಗುರ ಕಾಡತೂಸು ಹಾಕಿದರೆ ಕೆಲವು ಬಂದೂಕುಗಳಲ್ಲಿ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಗ್ಯಾಸಿನ ತೂತು, ಪಿಸ್ಟನ್ ಮಸಿ ಕಟ್ಟಿದರೂ ಅದೇ ಕಥೆ. ಅವನ ಬಂದೂಕು ನಿಂತಾಗ ಭಾರದ ಕಾಡತೂಸು ಹಾಕಿ ನೋಡಿದೆವು, ಸರಾಗ ಓಡಿತು. ಪಿಸ್ಟನ್ ಬಿಚ್ಚಿ ಮಸಿ ಕೆರೆದ ಮೇಲೆ ಹಗುರದ್ದೂ ಓಡಿತು. ಅಲ್ಲೂ ಅವನು ಮೊದಲು ಬೈದದ್ದು ಟ್ಯೂಬ್ ಸ್ಪ್ರಿಂಗನ್ನೇ.

ಒಂದು ಮಾತು ಮರೆಯಬೇಡಿ. ಕುದುರೆ ಎಳೆದಾಗ ಬರೀ ಟಕ್ ಅಂದು ಸಿಡಿಯದಿದ್ದರೆ ತಕ್ಷಣ ಪಂಪ್ ಎಳೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ಸದ್ದು ಸಣ್ಣದಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ, ಖಾಲಿ ಮಾಡಿ, ಬ್ಯಾರಲ್ ಬಿಚ್ಚಿ ಹಿಂದಿನಿಂದ ನೋಡಿ. ಒಳಗೆ ಏನಾದರೂ ಉಳಿದಿದ್ದರೆ ಮುಂದಿನ ರೌಂಡಿಗೆ ಬ್ಯಾರಲ್ ಸಿಡಿಯುತ್ತದೆ.

ಏಳು ವರ್ಷದ ಮೇಲೆ ಬಂದೂಕಿನ ಸ್ಥಿತಿ ಹೇಳಬೇಕೆಂದರೆ, ಪಂಪ್ ಹಿಡಿ ಸ್ವಲ್ಪ ಗಡಗಡ ಅನ್ನುತ್ತದೆ, ಬ್ಯಾರಲ್ ಮೇಲಿನ ಕಪ್ಪು ಬಣ್ಣ ಹೆಗಲ ಪಟ್ಟಿ ತಾಗುವ ಕಡೆ ಬೆಳ್ಳಗಾಗಿದೆ, ಎಕ್ಸ್‌ಟ್ರ್ಯಾಕ್ಟರ್ ಮೂಲದ್ದೇ ಇದೆ. ಡಬಲ್ ಬ್ಯಾರಲ್‌ಗಿಂತ ಮೂರು ಪಟ್ಟು ಒರೆಸುವ ಕೆಲಸ ಬೇಡುತ್ತದೆ, ಅದಕ್ಕೆ ತಯಾರಿಲ್ಲದವರು ಡಬಲ್ ಬ್ಯಾರಲ್ಲೇ ಇಟ್ಟುಕೊಳ್ಳಿ. ಕಳೆದ ಪ್ರಾಕ್ಟೀಸಿನಲ್ಲಿ ಹತ್ತು ರೌಂಡು ಹೊಡೆದೆ. ಮುಗಿದ ಮೇಲೆ ನೆಲದ ಮೇಲೆ ಎಣಿಸಿದೆ, ಹತ್ತು ಖೋಖಾ ಇದ್ದವು.