ಮಳೆನೀರಿನ ಟ್ಯಾಂಕ್ ಅಂಗಳದಲ್ಲಿ ಹೂಳಿಸುವವರೇ, ಸ್ವಲ್ಪ ತಡೆಯಿರಿ

ಉಡುಪಿ, ಮಲ್ಪೆ ಕಡೆ ತಗ್ಗು ಜಾಗದಲ್ಲಿ ಮನೆ ಇರುವವರು, ಹೊಳೆ ಬದಿಯವರು, ಜೋರು ಮಳೆಯ ಆಟಿ ತಿಂಗಳಲ್ಲಿ ಬಾವಿಗೆ ಬಗ್ಗಿದರೆ ಕೈಗೆ ನೀರು ಸಿಗುವ ಊರಿನವರು ದಯವಿಟ್ಟು ಇದನ್ನು ಓದಿ. ನಮ್ಮ ಅಂಗಳದಲ್ಲಿ ಹೂಳಿದ್ದ 5,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಜುಲೈ ಮಳೆಗೆ ನೆಲ ಒಡೆದುಕೊಂಡು ಮೇಲೆ ಬಂತು.

ಬೇಸಿಗೆಯಲ್ಲಿ ನಮ್ಮ ಬಾವಿ ನೀರು ಉಪ್ಪು. ಬಜೆ ಅಣೆಕಟ್ಟಿನಲ್ಲಿ ನೀರು ಇಳಿದರೆ ನಗರಸಭೆಯ ನಳ್ಳಿಯನ್ನೂ ನಂಬುವ ಹಾಗಿಲ್ಲ. ಅದಕ್ಕೇ ಈ ಕೆಲಸವನ್ನು ಗುತ್ತಿಗೆದಾರರೊಬ್ಬರಿಗೆ ವಹಿಸಿದೆವು. ಮಳೆಗಾಲದಲ್ಲಿ ಇಲ್ಲಿ ಸ್ವಲ್ಪ ಅಗೆದರೂ ಒರತೆ ಬರುತ್ತದೆ ಎಂದು ಮೊದಲೇ ಹೇಳಿದ್ದೆ. "ಏನೂ ಆಗುದಿಲ್ಲ ಸರ್, ಸುತ್ತ ಹೊಯ್ಗೆ (ಮರಳು) ತುಂಬಿಸ್ತೇವೆ, ಟ್ಯಾಂಕ್ ಎಲ್ಲಿಗೆ ಹೋಗ್ತದೆ?" ಎಂದರು. ಮೇ ತಿಂಗಳಲ್ಲಿ ಅಗೆದ ಹೊಂಡ ಒಣಗಿಯೇ ಇತ್ತು.

ಮೊದಲ ಮಳೆಗಳ ಪಾಚಿ, ಕೊಳೆ ಎಲ್ಲ ಟ್ಯಾಂಕಿಗೆ ಇಳಿದಿತ್ತು. ಒಮ್ಮೆ ಖಾಲಿ ಮಾಡಿ ತೊಳೆಯಬೇಕು ಎಂದು ಅವರ ಹುಡುಗರೇ ಬಂದು ಪಂಪ್ ಇಟ್ಟರು. ಆ ರಾತ್ರಿ ಜೋರು ಮಳೆ. ಬೆಳಿಗ್ಗೆ ನೋಡಿದರೆ ಅಂಗಳದ ಇಂಟರ್‌ಲಾಕ್ ಎದ್ದಿದೆ, ಟ್ಯಾಂಕಿನ ಬಾಯಿ ಮೊಣಕಾಲೆತ್ತರಕ್ಕೆ ಬಂದಿದೆ, ಪೈಪು ಮುರಿದು ಕೆಸರು ಒಳಗೆ ಹೋಗುತ್ತಿದೆ. ಮಕ್ಕಳು ಆಡುವ ಜಾಗ ಅದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಇದು ಆಗಲೇಬೇಕಿತ್ತು. ಸುತ್ತ ನೀರು ತುಂಬಿದಾಗ ಖಾಲಿ ಟ್ಯಾಂಕ್ ದೋಣಿಯ ಹಾಗೆ ತೇಲುತ್ತದೆ. 5,000 ಲೀಟರಿನ ಟ್ಯಾಂಕ್ ಪೂರ್ತಿ ನೀರಲ್ಲಿ ಮುಳುಗಿದ್ದರೆ ಅದನ್ನು ಮೇಲೆ ತಳ್ಳುವ ಬಲ ಸುಮಾರು 5 ಟನ್. ನೆನೆದ ಹೊಯ್ಗೆ ಅದನ್ನು ಎಲ್ಲಿ ಹಿಡಿಯುತ್ತದೆ? ಅಡಿಯಲ್ಲಿ ಕಾಂಕ್ರೀಟ್ ಹಾಕಿ, ಟ್ಯಾಂಕನ್ನು ಅದಕ್ಕೆ ಪಟ್ಟಿಯಿಂದ ಬಿಗಿಯಬೇಕಿತ್ತು. ಅದನ್ನು ಮಾಡಿರಲಿಲ್ಲ.

ಇನ್ನೊಂದು ಮೋಸ ಆಮೇಲೆ ತಿಳಿಯಿತು. ಹಾಕಿದ್ದು ತಾರಸಿ ಮೇಲೆ ಇಡುವ ಟ್ಯಾಂಕ್. ನೆಲದಡಿಯ ಟ್ಯಾಂಕಿನ ಗೋಡೆ ದಪ್ಪ ಇರುತ್ತದೆ, ಮಣ್ಣಿನ ಒತ್ತಡ ತಡೆಯಲು ಏಣುಗಳಿರುತ್ತವೆ. ಹೂಳಿದ್ದಕ್ಕೆ ವಾರಂಟಿ ಇಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತು. ಗುತ್ತಿಗೆದಾರರು ಈಗ ಫೋನ್ ಎತ್ತುವುದಿಲ್ಲ.

ಹೆಚ್ಚಾದ ನೀರು ಹೊರಹೋಗುವ ಪೈಪನ್ನೂ ಅದೇ ಹೊಂಡದ ಪಕ್ಕಕ್ಕೇ ಬಿಟ್ಟಿದ್ದರು. 1 ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾದರೆ 100 ಚದರ ಮೀಟರ್ ಮಾಡಿಗೆ 50 ಮಿಲಿಮೀಟರ್ ಮಳೆ ಬಂದರೆ ಸಾಕು, ಟ್ಯಾಂಕ್ ಭರ್ತಿ. ನಮ್ಮ ಕರಾವಳಿಗೆ ಅದು ಯಾವ ಲೆಕ್ಕ? ಉಳಿದ ನೀರೆಲ್ಲ ಟ್ಯಾಂಕಿನ ಬುಡಕ್ಕೇ ಇಳಿಯುತ್ತಿತ್ತು.

ನೆಲದ ಮೇಲೆ ಜಾಗ ಇದ್ದರೆ ಗಟ್ಟಿ ಕಟ್ಟೆ ಕಟ್ಟಿ ಟ್ಯಾಂಕ್ ಮೇಲೆಯೇ ಇಡಿಸಿ. ನನ್ನ ಪ್ರಕಾರ ತಗ್ಗು ಜಾಗಕ್ಕೆ ಅದೇ ಒಳ್ಳೆಯದು. ಹೂಳಲೇಬೇಕೆಂದರೆ ಮಳೆಗಾಲದಲ್ಲಿ ನಿಮ್ಮ ಬಾವಿ ನೀರು ಎಷ್ಟು ಮೇಲೆ ಬರುತ್ತದೆ ಎಂದು ತೋರಿಸಿ, ಟ್ಯಾಂಕ್ ತೇಲದ ಹಾಗೆ ಏನು ಮಾಡುತ್ತೀರಿ ಎಂದು ಕೇಳಿ, ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಬರೆದು ಕೊಡದವರಿಗೆ ಅಡ್ವಾನ್ಸ್ ಕೊಡಬೇಡಿ.

ಈಗಾಗಲೇ ಹೂಳಿಸಿದ್ದೀರಾ? ಹಾಗಿದ್ದರೆ ಮಳೆ ನಿಂತು ಬಾವಿ ನೀರು ಇಳಿಯುವವರೆಗೆ ತೊಳೆಯಲಿಕ್ಕೂ ಖಾಲಿ ಮಾಡಬೇಡಿ. ನೀರು ಕಡಿಮೆ ಇದ್ದರೆ ಇವತ್ತೇ ಬಾವಿಯಿಂದ ಪಂಪ್ ಹಾಕಿ ತುಂಬಿಸಿಡಿ.