ಯಾವ ವರ್ಷದ ಕೋಲಾರ? ನಾಲ್ಕು ವರ್ಷ ಲೈಬ್ರರಿ ಡೇಟಾಬೇಸ್ ಬಳಸಿದ ಮೇಲೆ

ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್‌ಡಿ ನಡೆಯುತ್ತಿದೆ. ವಿಷಯ ಕೆರೆ. ಮೈಸೂರು ಸಂಸ್ಥಾನದ ಕಾಲದಲ್ಲಿ ನಮ್ಮ ಕಡೆಯ ಕೆರೆಗಳನ್ನು ಯಾರು ನೋಡಿಕೊಳ್ಳುತ್ತಿದ್ದರು, ಹೂಳು ಯಾರು ಎತ್ತುತ್ತಿದ್ದರು, ತೂಬು ಯಾರು ತೆಗೆಯುತ್ತಿದ್ದರು, ಅದಕ್ಕೆ ಅವರಿಗೆ ಏನು ಸಿಗುತ್ತಿತ್ತು ಅನ್ನೋದನ್ನು ಹುಡುಕುತ್ತಿದ್ದೇನೆ. ಈ ಕೆಲಸಕ್ಕೆ ನಾಲ್ಕು ವರ್ಷದಿಂದ ಕಾಲೇಜು ಲೈಬ್ರರಿಯ ಮೂಲಕ ಸಿಗುವ ಚಂದಾ ಡೇಟಾಬೇಸ್‌ಗಳನ್ನು, ಅಂದರೆ ಚಂದಾ ಕಟ್ಟಿ ಓದುವ ಸಂಶೋಧನಾ ಪತ್ರಿಕೆಗಳ ಆನ್‌ಲೈನ್ ಸಂಗ್ರಹಗಳನ್ನು, ಬಳಸುತ್ತಿದ್ದೇನೆ. ವಾರಕ್ಕೆ ಮೂರು ದಿನವಾದರೂ ಲಾಗಿನ್ ಆಗುತ್ತೇನೆ. ಹಾಗಾಗಿ ಇದು ಒಂದು ಸಂಜೆ ನೋಡಿ ಬರೆದ ವಿಮರ್ಶೆ ಅಲ್ಲ.

ಮೊದಲ ಆರು ತಿಂಗಳು ನಾನೂ ಎಲ್ಲರ ಹಾಗೆ ಸರ್ಚ್ ಎಂಜಿನ್ನನ್ನೇ ನಂಬಿದ್ದೆ. ಇಂಗ್ಲಿಷಿನಲ್ಲಿ ಕೆರೆಗೆ ಟ್ಯಾಂಕ್ ಅಂತಾರೆ. ‘ಕೋಲಾರ ಟ್ಯಾಂಕ್’ ಅಂತ ಹಾಕಿದರೆ ಮನೆ ಮೇಲೆ ಇಡುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಮಾರುವ ಅಂಗಡಿಗಳು ಬರುತ್ತಿದ್ದವು. ಅದರ ಕೆಳಗೆ ಟ್ಯಾಂಕ್ ತೊಳೆಯುವವರ ಫೋನ್ ನಂಬರ್. ಅದನ್ನೆಲ್ಲ ದಾಟಿ ಹೋದರೆ ಕೆರೆ ಬಗ್ಗೆ ಒಂದಿಷ್ಟು ಬರಹ ಸಿಗುತ್ತಿತ್ತು, ಇಲ್ಲ ಅನ್ನಲ್ಲ. ಆದರೆ ಅಲ್ಲೇ ನಿಜವಾದ ತೊಂದರೆ ಶುರುವಾಗಿದ್ದು.

ಜಿಲ್ಲೆಯಲ್ಲಿ ಎಷ್ಟು ಕೆರೆ ಇವೆ ಅನ್ನುವ ಸುಲಭ ಪ್ರಶ್ನೆ ತೆಗೆದುಕೊಳ್ಳಿ. ಒಂದು ಪುಟದಲ್ಲಿ ಒಂದು ಸಂಖ್ಯೆ, ಇನ್ನೊಂದರಲ್ಲಿ ಇನ್ನೊಂದು. ಎರಡಕ್ಕೂ ನಡುವೆ ಭಾರೀ ಅಂತರ. ಯಾರು ಎಣಿಸಿದರು, ಯಾವಾಗ ಎಣಿಸಿದರು ಅಂತ ಯಾರೂ ಹೇಳಿರಲಿಲ್ಲ. ಒಂದೇ ವಾಕ್ಯ ಹತ್ತು ಕಡೆ ಅದೇ ಅಕ್ಷರದಲ್ಲಿ ಇತ್ತು. ನಾನು ಎರಡು ವಾರ ಒದ್ದಾಡಿದೆ. ಕೊನೆಗೆ ಹೊಳೆದದ್ದು ಇಷ್ಟು: ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೆ ಮೊದಲು ಕೋಲಾರ ಜಿಲ್ಲೆ ಅಂದರೆ 11 ತಾಲೂಕು. ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಎಲ್ಲ ಇದರಲ್ಲೇ ಇದ್ದವು. ಆ ಆರು ಹೋದ ಮೇಲೆ ಇಲ್ಲಿ ಉಳಿದದ್ದು ಐದು. ಕೆಜಿಎಫ್ ತಾಲೂಕು ಆಗಿದ್ದು ಆಮೇಲೆ. ಹಳೆ ಜಿಲ್ಲೆಯ ಲೆಕ್ಕವನ್ನು ತಂದು ಈಗಿನ ಜಿಲ್ಲೆಯ ಹೆಸರಿನ ಕೆಳಗೆ ಅಂಟಿಸಿದ್ದರು. ಅಂಟಿಸಿದವರಿಗೂ ಅದು ಗೊತ್ತಿರಲಿಲ್ಲ ಅನಿಸುತ್ತೆ.

ಡೇಟಾಬೇಸ್ ನನಗೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಈ ಕಥೆಯನ್ನೇ ಹೇಳುತ್ತೇನೆ. ಅಲ್ಲಿ ಸಿಗುವ ಪ್ರತಿಯೊಂದು ಲೇಖನದ ತಲೆಯ ಮೇಲೆ ಬರೆದವರ ಹೆಸರು, ಪತ್ರಿಕೆ, ಸಂಪುಟ, ವರ್ಷ, ಪುಟ ಇರುತ್ತೆ. 1985ರ ಲೇಖನದಲ್ಲಿ ಕೋಲಾರ ಅಂತ ಇದ್ದರೆ ಅದರಲ್ಲಿ ಶಿಡ್ಲಘಟ್ಟವೂ ಸೇರಿದೆ ಅಂತ ತಕ್ಷಣ ಗೊತ್ತಾಗುತ್ತೆ. ಲೇಖಕರು ತಪ್ಪು ಮಾಡಿದ್ದರೂ ಆ ತಪ್ಪು ಯಾರದು, ಯಾವ ವರ್ಷದ್ದು ಅಂತ ತೋರಿಸಬಹುದು. ಸಂಶೋಧನೆಗೆ ಬೇಕಾದ್ದು ಅದೇ ಅಲ್ವಾ?

ಆದರೆ ಲಾಗಿನ್ ಸಿಕ್ಕಿದ ಮೊದಲ ದಿನ ನನಗೆ ಏನೂ ಸಿಗಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ನಾನು ಇಡೀ ವಾಕ್ಯವನ್ನೇ ಬರೆದು ಹುಡುಕಿದ್ದೆ. ಸಾವಿರಾರು ಫಲಿತಾಂಶ, ಒಂದೂ ಕೆಲಸಕ್ಕೆ ಬಾರದ್ದು. ಲೈಬ್ರರಿಯನ್ ಸರ್ ನೋಡಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಮೇಡಂ, ಇದಕ್ಕೆ ಪ್ರಶ್ನೆ ಕೇಳಬೇಡಿ. ಪದ ಕೊಡಿ” ಅಂದರು.

ನಾನು ಬರೆದಿದ್ದನ್ನು ಅಳಿಸಿದರು. ‘ಟ್ಯಾಂಕ್ ಇರಿಗೇಷನ್’ ಅನ್ನುವ ಎರಡು ಪದವನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿದರು. ಹಾಗೆ ಹಾಕಿದರೆ ಎರಡೂ ಒಟ್ಟಿಗೆ ಇರುವ ಲೇಖನ ಮಾತ್ರ ಬರುತ್ತೆ. ಆಮೇಲೆ ದೊಡ್ಡಕ್ಷರದಲ್ಲಿ ‘ಆ್ಯಂಡ್’, ಅಂದರೆ ಮುಂದಿನ ಪದವೂ ಇರಲೇಬೇಕು ಅಂತ. ಅದರ ಮುಂದೆ ನಾನು ಕರ್ನಾಟಕ ಅಂತ ಹಾಕಲು ಹೋದೆ. ಅವರು ತಡೆದರು.

“ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ. ಅದಕ್ಕಿಂತ ಮುಂಚೆ ಬರೆದವರು ಮೈಸೂರು ಅಂತಾನೇ ಬರೆದಿರ್ತಾರೆ. ಎರಡೂ ಹಾಕಿ, ಮಧ್ಯೆ ‘ಆರ್’ ಕೊಡಿ. ಆಗ ಎರಡರಲ್ಲಿ ಯಾವುದು ಇದ್ದರೂ ಬರುತ್ತೆ.”

ಇತಿಹಾಸ ಪಾಠ ಮಾಡುವ ನನಗೆ ಅದು ಹೊಳೆದಿರಲಿಲ್ಲ. ಸಾವಿರಾರು ಇದ್ದದ್ದು ನೂರರ ಒಳಗೆ ಬಂತು. ಅದರಲ್ಲಿ ಮೊದಲ ಪುಟದಲ್ಲೇ ನಾಲ್ಕು ಲೇಖನ ನನಗೆ ಬೇಕಾದ್ದೇ. ಅವತ್ತು ಸಂಜೆ ಲೈಬ್ರರಿ ಬಾಗಿಲು ಹಾಕುವವರೆಗೂ ಕೂತಿದ್ದೆ.

ಅಲ್ಲಿಂದ ಮುಂದೆ ಪದಗಳ ಒಂದು ಪಟ್ಟಿಯನ್ನೇ ಮಾಡಿಟ್ಟುಕೊಂಡಿದ್ದೇನೆ. ನೀರುಗಂಟಿ ಅನ್ನುವ ಪದ ನೋಡಿ. ತೂಬು ತೆಗೆದು, ಸರದಿ ಪ್ರಕಾರ ಗದ್ದೆಗೆ ನೀರು ಬಿಡುವವನು. ಅವನಿಗೆ ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು. ಇಂಗ್ಲಿಷಿನಲ್ಲಿ ಒಬ್ಬರು ನೀರ್‌ಗಂಟಿ ಅಂತ ಬರೆದಿದ್ದಾರೆ, ಇನ್ನೊಬ್ಬರು ನಿರ್‌ಗಂಟಿ, ಹಳೆ ಕಾಲದ ಸಾಹೇಬರು ನೀರ್‌ಗುಂಟಿ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟ ಜಮೀನಿನ ಹೆಸರೂ ಹಾಗೇ: ಕಟ್ಟುಕೊಡಗೆ, ಕಟ್ಟುಕೊಡಗಿ, ಕಟ್ಟುಕೊಡಿಗಿ. ಒಂದೇ ಕಾಗುಣಿತ ಹಾಕಿದರೆ ಉಳಿದವು ತಪ್ಪಿಹೋಗುತ್ತವೆ. ಎಲ್ಲವನ್ನೂ ‘ಆರ್’ ಕೊಟ್ಟು ಜೋಡಿಸಬೇಕು. ಹಲವು ಡೇಟಾಬೇಸ್‌ಗಳಲ್ಲಿ ಪದದ ಬುಡ ಬರೆದು ಕೊನೆಗೆ ನಕ್ಷತ್ರದ ಗುರುತು ಹಾಕಿದರೆ ಬಾಲ ಏನೇ ಇದ್ದರೂ ಹುಡುಕಿ ಕೊಡುತ್ತೆ. ಇದು ನನಗೆ ದಿನಾ ಕೆಲಸಕ್ಕೆ ಬರುತ್ತೆ.

ಈಗ ಯಾವುದು ಎಲ್ಲಿ ಸಿಗುತ್ತೆ ಅಂತ ಹೇಳುತ್ತೇನೆ. ನಮ್ಮಂಥ ಕಾಲೇಜುಗಳಿಗೆ ಎನ್-ಲಿಸ್ಟ್ ಇದೆ. ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸಲು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಯೋಜನೆ ಅದು. ಕಾಲೇಜು ವರ್ಷಕ್ಕೆ ಕಟ್ಟುವ ಶುಲ್ಕ ಕೆಲವು ಸಾವಿರ ರೂಪಾಯಿ ಅಷ್ಟೇ. ಮೇಷ್ಟ್ರುಗಳಿಗೂ ವಿದ್ಯಾರ್ಥಿಗಳಿಗೂ ಬೇರೆ ಬೇರೆ ಐಡಿ, ಪಾಸ್‌ವರ್ಡ್ ಕೊಡುತ್ತಾರೆ. ಮನೆಯಿಂದಲೂ ಲಾಗಿನ್ ಆಗಬಹುದು. ಎಷ್ಟೋ ಕಾಲೇಜುಗಳಲ್ಲಿ ಶುಲ್ಕ ಕಟ್ಟಿರುತ್ತಾರೆ, ಆದರೆ ವಿದ್ಯಾರ್ಥಿಗಳಿಗೆ ಹಾಗೊಂದು ಇದೆ ಅಂತಲೇ ಗೊತ್ತಿರಲ್ಲ. ನನಗೆ ಇದು ತುಂಬಾ ಬೇಸರದ ವಿಷಯ. ದಯವಿಟ್ಟು ನಿಮ್ಮ ಲೈಬ್ರರಿಯಲ್ಲಿ ಹೋಗಿ ಕೇಳಿ.

ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯದಲ್ಲಿ ಇರುವವರಿಗೆ 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆ. ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ಸೇಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಎಲ್ಲ ಇವೆ. ಒಂದು ಲೇಖನಕ್ಕೆ ಎರಡು ಮೂರು ಸಾವಿರ ರೂಪಾಯಿ ಕೇಳುವ ಪುಟ ಕಂಡು ಸುಮ್ನೆ ವಾಪಸ್ ಬಂದವರಿಗೆ ಇದರ ಬೆಲೆ ಗೊತ್ತು.

ಯಾವ ಕಾಲೇಜಿಗೂ ಸೇರದೆ ಸ್ವಂತ ಆಸಕ್ತಿಯಿಂದ ಓದುವವರೂ ಇದ್ದಾರೆ. ಅವರಿಗೆ ಶೋಧಗಂಗಾ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪುಕ್ಕಟೆ, ಲಾಗಿನ್ ಕೂಡ ಬೇಡ. ಅಧ್ಯಾಯ ಅಧ್ಯಾಯವಾಗಿ ಬೇರೆ ಫೈಲ್ ಇರುತ್ತೆ. ನಾನು ಮೊದಲು ತೆರೆಯುವುದು ಗ್ರಂಥಸೂಚಿಯನ್ನು. ಐದು ವರ್ಷ ಕಷ್ಟಪಟ್ಟು ಒಬ್ಬರು ಸೇರಿಸಿದ ಆಕರಗಳ ಪಟ್ಟಿ ಕೈಗೆ ಬಂದ ಹಾಗೆ. ಹಳೆ ಸಂಶೋಧನಾ ಪತ್ರಿಕೆಗಳ ಡೇಟಾಬೇಸ್ ಆದ ಜೆಸ್ಟೋರ್‌ನಲ್ಲೂ ಸ್ವಂತ ಖಾತೆ ಮಾಡಿಕೊಂಡರೆ ತಿಂಗಳಿಗೆ 100 ಲೇಖನ ಪರದೆಯ ಮೇಲೆ ಓದಲು ಬಿಡುತ್ತಾರೆ. ಡೌನ್‌ಲೋಡ್ ಆಗಲ್ಲ, ಓದಿ ನೋಟ್ಸ್ ಮಾಡಿಕೊಳ್ಳಬೇಕು.

ಹೋದ ವರ್ಷದ ಒಂದು ಸಂಗತಿ. ಪದವಿಯ ಅಂತಿಮ ವರ್ಷದ ಹುಡುಗನೊಬ್ಬ ಕೆಜಿಎಫ್ ಗಣಿಯ ಬಗ್ಗೆ ಪ್ರಾಜೆಕ್ಟ್ ಬರೆದು ತಂದ. ಚೆನ್ನಾಗಿ ಬರೆದಿದ್ದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ್ದು ಎಲ್ಲ ಸರಿ ಇತ್ತು. ಕೊನೆಯಲ್ಲಿ ಆರು ಆಕರ ಕೊಟ್ಟಿದ್ದ. ಒಂದು ಲೇಖನದ ಹೆಸರು ನೋಡಿ ನನಗೇ ಆಸೆ ಆಯ್ತು, ಓದೋಣ ಅಂತ. ಇಬ್ಬರೂ ಕೂತು ಆ ಪತ್ರಿಕೆಯನ್ನು ಡೇಟಾಬೇಸ್‌ನಲ್ಲಿ ತೆಗೆದೆವು. ಸಂಪುಟ ಇದೆ. ಸಂಚಿಕೆ ಇದೆ. ಅವನು ಕೊಟ್ಟ ಪುಟದಲ್ಲಿ ಬೇರೆ ಯಾರದೋ ಲೇಖನ ಅರ್ಧಕ್ಕೆ ನಡೀತಿದೆ. ಗಣಿಗೂ ಅದಕ್ಕೂ ಸಂಬಂಧ ಇಲ್ಲ. ಲೇಖಕರ ಹೆಸರು ಹಾಕಿ ಹುಡುಕಿದೆವು, ಅಂಥ ಲೇಖನವೇ ಇಲ್ಲ. ಹುಡುಗ ಸಪ್ಪಗಾದ. ಎಐ ಚಾಟ್‌ನಲ್ಲಿ ಕೇಳಿ ಬರೆದುಕೊಂಡಿದ್ದನಂತೆ. ಅದು ಪತ್ರಿಕೆ, ಸಂಪುಟ, ಪುಟ ಎಲ್ಲ ಕೊಟ್ಟಿದ್ದರಿಂದ ನಿಜ ಅಂದುಕೊಂಡಿದ್ದ. ನಾನು ಬೈಯಲಿಲ್ಲ. ಮೋಸ ಮಾಡುವ ಉದ್ದೇಶ ಅವನಿಗೆ ಇರಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಇನ್ನರ್ಧ ಗಂಟೆ ಕೂತು ಅವನೇ ಎರಡು ನಿಜವಾದ ಲೇಖನ ಹುಡುಕಿದ.

ಕೊರತೆಗಳು ಇವೆ, ಸಣ್ಣವಲ್ಲ.

ಎಲ್ಲಕ್ಕಿಂತ ದೊಡ್ಡದು ಕನ್ನಡ. ಚಂದಾ ಡೇಟಾಬೇಸ್‌ಗಳಲ್ಲಿ ಇರುವುದು ಹೆಚ್ಚು ಕಮ್ಮಿ ಇಂಗ್ಲಿಷೇ. ನಮ್ಮ ಜಿಲ್ಲೆಯ ಕೆರೆಯ ಬಗ್ಗೆ ಕನ್ನಡದಲ್ಲಿ ಬಂದ ಒಳ್ಳೆಯ ಲೇಖನಗಳು ಸ್ಮರಣ ಸಂಚಿಕೆಗಳಲ್ಲಿ, ಸಣ್ಣ ಪತ್ರಿಕೆಗಳಲ್ಲಿ ಇವೆ. ಅವು ಯಾವ ಡೇಟಾಬೇಸಿಗೂ ಸೇರಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುವ ಕನ್ನಡ ಪ್ರಬಂಧಗಳದ್ದು ಇನ್ನೊಂದು ಕಷ್ಟ. ಬಹಳಷ್ಟು ಯೂನಿಕೋಡ್ ಬರುವ ಮೊದಲಿನ ಫಾಂಟ್‌ನಲ್ಲಿ ಟೈಪ್ ಆದವು, ಇಲ್ಲವೇ ಪುಟದ ಫೋಟೋ ತೆಗೆದು ಏರಿಸಿದವು. ಕಣ್ಣಿಗೆ ‘ಕೆರೆ’ ಅಂತ ಕಾಣುತ್ತೆ. ಅದೇ ಪದ ಟೈಪ್ ಮಾಡಿ ಹುಡುಕಿದರೆ ಸೊನ್ನೆ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಗುರುತುಗಳ ಸಾಲು. ಮುನ್ನೂರು ಪುಟದ ಪ್ರಬಂಧವನ್ನು ಒಂದೊಂದೇ ಪುಟ ತಿರುಗಿಸಿ ನೋಡಿದ್ದೇನೆ. ಬೆಲೆ ಬಾಳುವ ಕೆಲಸಗಳು ಹೀಗೆ ಬಚ್ಚಿಟ್ಟ ಹಾಗೆ ಇವೆ ಅಂದರೆ ಹೊಟ್ಟೆ ಉರಿಯುತ್ತೆ.

ಎರಡನೆಯದು, ಹೊಸ ವಿಷಯ. ಲೇಖನ ಬರೆದು, ಬೇರೆ ವಿದ್ವಾಂಸರು ಪರೀಕ್ಷಿಸಿ, ಅಚ್ಚಾಗಲು ಒಂದೆರಡು ವರ್ಷ ಹಿಡಿಯುತ್ತೆ. ಕೆಲವು ಡೇಟಾಬೇಸ್‌ಗಳಲ್ಲಿ ಇತ್ತೀಚಿನ ಕೆಲವು ವರ್ಷದ ಸಂಚಿಕೆಗಳನ್ನು ಬೇಕೆಂದೇ ಕೊಡಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಅಂಥ ವಿಷಯದಲ್ಲಿ ದಿನದಿನದ ಸುದ್ದಿ ಬೇಕಾದರೆ ದಿನಪತ್ರಿಕೆಗಳ ವೆಬ್‌ಸೈಟ್‌ಗೇ ಹೋಗಬೇಕು. ಅಲ್ಲಿ ಸರ್ಚ್ ಎಂಜಿನ್ ಬೇಕೇ ಬೇಕು. ನಾನು ಅದನ್ನು ಬಿಟ್ಟಿಲ್ಲ, ಬಿಡಿ ಅಂತ ಯಾರಿಗೂ ಹೇಳಲ್ಲ.

ಹಳೆ ಆಕರಗಳೂ ಅಷ್ಟೇ. ಬಿ.ಎಲ್. ರೈಸ್ 1905ರಲ್ಲಿ ತಂದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ, ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯದು, ನನಗೆ ಸಿಕ್ಕಿದ್ದು ಇಂಟರ್‌ನೆಟ್ ಆರ್ಕೈವ್‌ನಲ್ಲಿ, ಪುಕ್ಕಟೆ. ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಬಸ್ ಹತ್ತಲೇಬೇಕು. ಆದರೆ ಯಾವ ಕಡತ ಕೇಳಬೇಕು ಅಂತ ಗೊತ್ತಾಗಿದ್ದು ಡೇಟಾಬೇಸ್‌ನಲ್ಲಿ ಓದಿದ ಲೇಖನಗಳ ಅಡಿಟಿಪ್ಪಣಿಯಿಂದ. ಮೊದಲು ಮೂರು ದಿನ ಅಲೆದರೂ ಮುಗಿಯದ ಕೆಲಸ ಈಗ ಒಂದೇ ದಿನಕ್ಕೆ ಮುಗಿಯುತ್ತೆ.

ಇನ್ನೊಂದು ಕಹಿ ಅನುಭವ. ಒಂದು ವರ್ಷ ಶುಲ್ಕ ಕಟ್ಟುವುದು ತಡವಾಗಿ ನಮ್ಮೆಲ್ಲರ ಲಾಗಿನ್ ನಿಂತುಹೋಯಿತು. ಎರಡು ತಿಂಗಳು. ನಾನು ಅಧ್ಯಾಯದ ಮಧ್ಯೆ ಇದ್ದೆ. ಅವತ್ತಿನಿಂದ ಓದಿದ ಪ್ರತಿ ಲೇಖನದ ವಿವರವನ್ನು ಜೊಟೆರೋದಲ್ಲಿ ಸೇರಿಸಿ ಇಟ್ಟುಕೊಳ್ಳುತ್ತೇನೆ. ಅದು ಪುಕ್ಕಟೆ ಸಾಫ್ಟ್‌ವೇರ್. ಆಕರಗಳ ಪಟ್ಟಿಯನ್ನೂ ಅದೇ ಮಾಡಿಕೊಡುತ್ತೆ. ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ ಪೂರ್ತಿ ಕನ್ನಡದ ಕೊರತೆಯ ಲೆಕ್ಕಕ್ಕೆ.

ಈ ವಾರ ಶ್ರೀನಿವಾಸಪುರದ ಕಡೆಯ ಒಬ್ಬ ವಿದ್ಯಾರ್ಥಿನಿ ನನ್ನ ಪಕ್ಕ ಕೂತಿದ್ದಳು. ಅವರ ಮನೆಯಲ್ಲಿ ಮಾವಿನ ತೋಟ ಇದೆ, ಪ್ರಾಜೆಕ್ಟ್ ಕೂಡ ಮಾವಿನ ಮೇಲೆ. ಪದ ಹಾಕಿದಳು, ಉದ್ಧರಣ ಚಿಹ್ನೆ ಹಾಕಿದಳು, ಒಂದು ಹಳೆ ಲೇಖನ ತೆರೆದಳು. ಕೋಲಾರ ಜಿಲ್ಲೆಯ ಮಾವಿನ ಲೆಕ್ಕ ಇತ್ತು. ನೋಟ್ಸ್ ಮಾಡಲು ಪೆನ್ನು ತೆಗೆದವಳು ಮೇಲೆ ವರ್ಷ ನೋಡಿ ನಿಲ್ಲಿಸಿದಳು.

“ಮೇಡಂ, ಈ ಲೆಕ್ಕದಲ್ಲಿ ಚಿಂತಾಮಣಿಯೂ ಸೇರಿದೆ ತಾನೇ?”